ಹಿಮದ ಟಯರಿಗೆ ಬಹ್ರೇನಿನ ಸಲಹೆ

ಕೊಲ್ಲಿ ದೇಶಗಳಲ್ಲಿ ಹತ್ತು ವರ್ಷ ಕಳೆದವರಿಗೆ ತಲೆಗೂದಲು ಉದುರುವುದರ ಜೊತೆಗೆ ಇನ್ನೊಂದು ತೊಂದರೆಯೂ ಶುರುವಾಗುತ್ತದೆ. ತಮಗೇ ತಿಳಿಯದಂತೆ ಅವರು ಸಲಹೆಗಾರರಾಗಿಬಿಡುತ್ತಾರೆ. ಇದಕ್ಕೆ ನೇಮಕಾತಿ ಪತ್ರವಿಲ್ಲ, ರಜೆಯೂ ಇಲ್ಲ. ಊರಿನಿಂದ ಹೊಸದಾಗಿ ಬಂದಿಳಿದವನೊಬ್ಬ, "ಅಣ್ಣ, ಈ ಸಿಪಿಆರ್ ಕಾರ್ಡು ಮಾಡಿಸ್ಲಿಕ್ಕೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳುತ್ತಾನೆ. ಇಲ್ಲಿ ವಾಸವಿರುವ ಎಲ್ಲರೂ ಇಟ್ಟುಕೊಳ್ಳಲೇಬೇಕಾದ ಗುರುತಿನ ಚೀಟಿ ಅದು. ಎಲ್ಲಿ ಸಿಗುತ್ತದೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅವನು ಹೋಗುತ್ತಾನೆ, ಕಾರ್ಡು ಸಿಗುತ್ತದೆ. ಮರುವಾರ ತನ್ನ ರೂಮಿನ ಗೆಳೆಯನನ್ನೂ ಕರೆದುಕೊಂಡು ಬರುತ್ತಾನೆ. ಗೆಳೆಯನಿಗೆ ಹಲ್ಲುನೋವು. ಹಲ್ಲಿನ ಡಾಕ್ಟರುಗಳ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ಹೋದ ವಾರ ಅಷ್ಟು ಖಚಿತವಾಗಿ ಹೇಳಿದವನು ಈ ವಾರ ಕೈಚೆಲ್ಲಿದರೆ ಹೇಗೆ? ಏನೋ ಒಂದು ಹೇಳುತ್ತೇನೆ. ಹೀಗೆ ಹೇಳುತ್ತ ಹೇಳುತ್ತ ಹತ್ತೊಂಬತ್ತು ವರ್ಷಗಳಲ್ಲಿ ನಾನು ಬಾಡಿಗೆ ಮನೆ, ಊರಿಗೆ ಕಳಿಸುವ ಕಾರ್ಗೋ, ಮಕ್ಕಳ ಶಾಲೆ, ಮೊಣಕಾಲು ನೋವು ಮತ್ತು ಎರಡು ಮದುವೆ ಮಾತುಕತೆ, ಇಷ್ಟರಲ್ಲೂ ಅಧಿಕಾರವಾಣಿಯಿಂದ ಮಾತಾಡಿದ್ದೇನೆ. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ನನ್ನ ಕೆಲಸ ಕಾಗದಪತ್ರಗಳನ್ನು ಸರಿಯಾದ ಫೈಲಿಗೆ ಸೇರಿಸುವುದು. ಅಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಆ ಕೊರತೆಗೋ ಏನೋ, ಸಂಜೆ ಮನೆಗೆ ಬಂದ ಮೇಲೆ ಯಾರಾದರೂ ಏನಾದರೂ ಕೇಳಿದರೆ ನನಗೆ ಬಹಳ ಸಂತೋಷವಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ವರ್ಷ ನಾನು ಒಂದು ಸಣ್ಣ ಕಾರಿಗೆ ಚಳಿಗಾಲದ ಟಯರ್ ಆರಿಸಿಕೊಟ್ಟೆ. ಕಾರು ಇದ್ದದ್ದು ಕೆನಡಾದಲ್ಲಿ, ನಾನಿದ್ದದ್ದು ಬಹ್ರೇನಿನ ಸೆಗಯಾದಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದ ಹತ್ತಿರ. ಅಲ್ಲಿ ಚಳಿ ಎಂದರೆ ಡಿಸೆಂಬರಿನ ಬೆಳಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗುವುದು. ಬಹ್ರೇನಿನ ಚಳಿಗಾಲವೆಂದರೆ ಜನವರಿಯಲ್ಲಿ ಒಂದೆರಡು ವಾರ ಎಸಿ ನಿಲ್ಲಿಸಿ, ಪೆಟ್ಟಿಗೆಯಿಂದ ಸ್ವೆಟರ್ ತೆಗೆದು ಹಾಕಿಕೊಂಡು, ಎಂಥ ಚಳಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಹಿಮ ಎಂದು ನಾನು ಹತ್ತಿರದಿಂದ ಕಂಡದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೂತಾಯಿ ಮೀನಿನ ಪೊಟ್ಟಣಕ್ಕೆ ಅಂಟಿಕೊಳ್ಳುವುದನ್ನು ಮಾತ್ರ. ತಿಂಗಳಿಗೊಮ್ಮೆ ಅದನ್ನು ಕೆರೆದು ತೆಗೆಯುವುದು ನನ್ನ ಪಾಲಿನ ಮನೆಗೆಲಸ. ನನ್ನ ಹಿಮದ ಅನುಭವ ಇಷ್ಟೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸಲಹೆ ಕೇಳಿದವಳು ವಿನಯಾ, ನನ್ನ ಹೆಂಡತಿ ಸುಮತಿಯ ತಂಗಿ. ಅಕ್ಕತಂಗಿಯರಿಬ್ಬರೂ ನರ್ಸುಗಳು. ವಿನಯಾ ಬಹ್ರೇನಿನಲ್ಲಿ ಆರು ವರ್ಷ ಕೆಲಸ ಮಾಡಿದಳು, ಅಷ್ಟೂ ವರ್ಷ ನಮ್ಮ ಮನೆಯಲ್ಲೇ ಇದ್ದಳು. ಕಾರು ಬಿಡಲು ಕಲಿತದ್ದೂ ಇಲ್ಲೇ. ಲೈಸೆನ್ಸ್ ಸಿಗುವವರೆಗೆ ಕಲಿಸಿದ್ದು ಡ್ರೈವಿಂಗ್ ಮಾಸ್ಟರ್, ಆದರೆ ನಿಜವಾದ ಡ್ರೈವಿಂಗ್ ಕಲಿಸಿದ್ದು ನಾನೇ ಎಂದು ನಾನು ನಂಬಿಕೊಂಡಿದ್ದೇನೆ. ಲೈಸೆನ್ಸ್ ಸಿಕ್ಕಿದ ಮೇಲೆ ಮೂರು ತಿಂಗಳು ಪ್ರತಿ ಶುಕ್ರವಾರ ಬೆಳಗ್ಗೆ ಅವಳನ್ನು ಸ್ಟೇರಿಂಗಿನ ಎದುರು ಕೂರಿಸಿ, ಪಕ್ಕದಲ್ಲಿ ನಾನು ಕೂತು, ಸೇತುವೆ ದಾಟಿ ಮುಹರ್ರಕ್‌ಗೆ ಹೋಗಿ ವಿಮಾನ ನಿಲ್ದಾಣಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದೆವು. ಒಮ್ಮೆ ಒಂದು ವೃತ್ತದಲ್ಲಿ ನಾನು, "ಈಗ ಹೊರಗೆ ತಗೋ, ಬೇಡ ಬೇಡ, ಬಸ್ಸು ಬಂತು, ಈಗ, ಇಲ್ಲ ತಡಿ" ಎನ್ನುತ್ತಿದ್ದುದರಿಂದ ಅವಳು ಅಲ್ಲೇ ಮೂರು ಸುತ್ತು ಹಾಕಿದಳು. ನಾಲ್ಕನೆಯ ಸುತ್ತಿಗೆ ತಾನೇ ನಿರ್ಧಾರ ಮಾಡಿ ಹೊರಬಂದಳು. ನಾವು ಹೋಗಬೇಕಾಗಿದ್ದ ರಸ್ತೆ ಅದಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಸುಮತಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಎರಡು ವರ್ಷದ ಹಿಂದೆ ವಿನಯಾ ಕೆನಡಾಕ್ಕೆ ಹೋದಳು. ಮೊದಲ ಚಳಿಗಾಲ ಬಸ್ಸಿನಲ್ಲೇ ಓಡಾಡಿದಳು. ಆಮೇಲೆ ಊರಿನಿಂದ ಸ್ವಲ್ಪ ಹೊರಗಿರುವ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಪಾಳಿಗೆ ಅಲ್ಲಿಗೆ ಬಸ್ಸು ಇಲ್ಲದ ಕಾರಣ ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರು ಕೊಂಡಳು.

ಟಯರಿನ ವಿಷಯದಲ್ಲಿ ನನಗೆ ಹೆಸರು ಬಂದದ್ದಕ್ಕೂ ಒಂದು ಹಿನ್ನೆಲೆ ಇದೆ. ಇಲ್ಲಿ ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷೆಗೆ ಒಯ್ಯಬೇಕು. ನಾವು ಅದಕ್ಕೆ ಪಾಸಿಂಗ್ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ನಾನು ಕಾರನ್ನು ಚೆನ್ನಾಗಿ ತೊಳೆದು, ಒಳಗೆ ಪರಿಮಳದ ಡಬ್ಬಿ ಇಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪಾಸಿಂಗಿಗೆ ಹೋಗಿದ್ದೆ. ಪರೀಕ್ಷೆ ಮಾಡುವವನು ಕಾರಿನ ಒಳಗೆ ಇಣುಕಿಯೂ ನೋಡಲಿಲ್ಲ. ಬಗ್ಗಿ ಟಯರಿನ ಬದಿಯಲ್ಲಿ ಏನನ್ನೋ ಓದಿ, "ಓಲ್ಡ್, ಚೇಂಜ್" ಎಂದು ಎರಡೇ ಮಾತು ಹೇಳಿ ವಾಪಸ್ ಕಳಿಸಿದ. ಸವೆಯದ ಟಯರು ಹಳತಾದದ್ದು ಹೇಗೆಂದು ನನ್ನ ಮಂಡೆಗೆ ಹೋಗಲಿಲ್ಲ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ಅದು ತಯಾರಾದ ವಾರ, ಕೊನೆಯ ಎರಡು ವರ್ಷ ಎಂದು ಆಮೇಲೆ ತಿಳಿಯಿತು. ಅದು ತಿಳಿದದ್ದೇ ತಡ, ನಾನು ಕಂಡಕಂಡವರ ಟಯರ್ ಓದತೊಡಗಿದೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ, ಒಳಗೆ ಸ್ವಾಗತ ಭಾಷಣ ನಡೆಯುತ್ತಿರುವಾಗ ನಾನು ಹೊರಗೆ ಪಾರ್ಕಿಂಗಿನಲ್ಲಿ ಮೊಣಕಾಲೂರಿ ಕೂತು, "ನಿಮ್ಮದು ಮುಂದಿನ ಪಾಸಿಂಗಿಗೆ ಆಗ್ಲಿಕ್ಕಿಲ್ಲ" ಎಂದು ಭವಿಷ್ಯ ಹೇಳುತ್ತಿದ್ದೆ. ಎರಡು ಮೂರು ಸಲ ಅದು ನಿಜವೂ ಆಯಿತು. ನನ್ನ ಟಯರ್ ಜ್ಞಾನ ಆ ನಾಲ್ಕು ಅಂಕಿಗಳನ್ನು ದಾಟಿ ಮುಂದೆ ಹೋಗಿದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಅಕ್ಟೋಬರಿನ ಒಂದು ಸಂಜೆ ವಿನಯಾಳ ಫೋನ್ ಬಂತು. ಅಕ್ಕನ ಹತ್ತಿರ ಐದು ನಿಮಿಷ ಮಾತಾಡಿ, ಬಾವನಿಗೆ ಕೊಡು ಎಂದಳಂತೆ.

"ಬಾವ, ಇಲ್ಲಿ ಚಳಿಗಾಲಕ್ಕೆ ಬೇರೆಯೇ ಟಯರ್ ಹಾಕ್ಬೇಕಂತೆ. ಸೈಜ್ ಯಾವುದು ಅಂತ ಹೇಗೆ ನೋಡುದು?" ಎಂದು ಕೇಳಿದಳು.

ಬುದ್ಧಿ ಇರುವ ಯಾರೇ ಆದರೂ, ಅಲ್ಲಿಯ ಅಂಗಡಿಯವರನ್ನು ಕೇಳಮ್ಮ ಎನ್ನುತ್ತಿದ್ದರು. ನಮ್ಮಲ್ಲಿ ಹಾಗೆ ಹೇಳುವ ಕ್ರಮವಿಲ್ಲ. ಅಂಗಡಿಯವನು ಮಾರುವವನು, ಅವನ ಮಾತನ್ನು ನಂಬುವುದು ಹೇಗೆ? ನಮ್ಮವರೊಬ್ಬರನ್ನು ಕೇಳಿಯೇ ಮುಂದುವರಿಯಬೇಕು. ಹತ್ತೊಂಬತ್ತು ವರ್ಷಗಳಿಂದ ನಾನೇ ಎಲ್ಲರಿಗೂ ಹೇಳಿಕೊಟ್ಟ ಪಾಠ ಇದು. ಹಾಗಾಗಿ ನಾನು, "ಇಷ್ಟೇನಾ? ಈಗ ಇರುವ ಟಯರಿನ ಬದಿಯಲ್ಲಿ ನಂಬರ್ ಉಂಟಲ್ಲ, ಅದರ ಫೋಟೋ ಕಳಿಸು" ಎಂದೆ. ಫೋಟೋ ಬಂತು. ಇನ್ನೂರೈದು, ಓರೆಗೆರೆ, ನಲವತ್ತೈದು, ಆಮೇಲೆ ಒಂದು ಇಂಗ್ಲಿಷ್ ಅಕ್ಷರ, ಹದಿನೇಳು. ನಾಳೆ ಹೇಳುತ್ತೇನೆಂದು ಫೋನಿಟ್ಟು, ಮರುದಿನ ಕಚೇರಿಯಲ್ಲಿ ಫೈಲುಗಳನ್ನು ಬದಿಗಿಟ್ಟು ಆ ಅಂಕಿಗಳ ಅರ್ಥ ಹುಡುಕಿದೆ. ಮೊದಲನೆಯದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟಯರಿನ ಬದಿಯ ಎತ್ತರ, ಆದರೆ ಅದು ಮಿಲಿಮೀಟರಿನಲ್ಲಲ್ಲ, ಅಗಲದ ನೂರರಲ್ಲಿ ಎಷ್ಟು ಪಾಲು ಎಂಬ ಲೆಕ್ಕದಲ್ಲಿ. ಮೂರನೆಯದು ಒಳಗಿನ ಚಕ್ರದ ಅಳತೆ, ಅದು ಇಂಚಿನಲ್ಲಿ. ಒಂದೇ ಸೀರೆಗೆ ಉದ್ದವನ್ನು ಮೀಟರಿನಲ್ಲೂ, ಸೆರಗನ್ನು ಶೇಕಡಾದಲ್ಲೂ, ರವಿಕೆ ಬಟ್ಟೆಯನ್ನು ಇಂಚಿನಲ್ಲೂ ಹೇಳಿದ ಹಾಗೆ. ಇದನ್ನು ಮಾಡಿದವರು ಯಾರೋ, ಅವರ ಮನೆಯಲ್ಲಿ ಎಂದೂ ಬಟ್ಟೆ ಹೊಲಿಸಿರಲಿಕ್ಕಿಲ್ಲ.

ಸಂಜೆ ವಿನಯಾಳಿಗೆ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿದೆ. ಹುಟ್ಟುವಾಗಲೇ ಗೊತ್ತಿತ್ತು ಎಂಬಂತೆ ವಿವರಿಸಿದೆ. ಅವಳು ಎಲ್ಲ ಕೇಳಿಕೊಂಡು, "ಆದ್ರೆ ಬಾವ, ಈ ಕಾರು ಮೊದ್ಲು ಒಬ್ಬ ಕಾಲೇಜಿನವನದ್ದು. ಅವ ಶೋಕಿಗೆ ದೊಡ್ಡ ಚಕ್ರ ಹಾಕಿಸಿದ್ದಾನೆ ಅಂತ ಇಲ್ಲಿ ಯಾರೋ ಹೇಳಿದ್ರು" ಎಂದಳು. "ದೊಡ್ಡದಾದ್ರೆ ಒಳ್ಳೆಯದೇ ಅಲ್ವಾ? ಅದೇ ಸೈಜ್ ತಗೋ" ಎಂದೆ. ಹಾಗೆ ಹೇಳುವಾಗ ನನಗೆ ಯಾವ ಸಂಶಯವೂ ಇರಲಿಲ್ಲ.

ಎರಡನೆಯ ಸಲ ಅವಳು ಫೋನ್ ಮಾಡಿದ್ದು ಒಂದು ವಾರದ ಮೇಲೆ. ಚಳಿಗಾಲದ ಟಯರಿನ ಬದಿಯಲ್ಲಿ ಬೆಟ್ಟದ ಚಿತ್ರ, ಅದರೊಳಗೆ ಹಿಮದ ಹೂವು, ಹೀಗೊಂದು ಗುರುತು ಇರಬೇಕಂತೆ, ಹೌದಾ ಎಂದು ಕೇಳಿದಳು. "ಅದೆಲ್ಲ ಕಂಪೆನಿಯವರ ಅಲಂಕಾರ, ನೀನು ಅಗಲ ನೋಡು" ಎಂದೆ. ಈ ಅಗಲದ ಸಿದ್ಧಾಂತ ನನಗೆ ಸಿಕ್ಕಿದ್ದು ಸಖೀರಿನ ಮರಳುಗಾಡಿನಲ್ಲಿ. ಇಲ್ಲಿಯ ಜನ ಚಳಿಗಾಲ ಬಂತೆಂದರೆ ಅಲ್ಲಿ ಡೇರೆ ಹಾಕಿಕೊಂಡು ವಾರಗಟ್ಟಲೆ ಇರುತ್ತಾರೆ. ಒಂದು ವರ್ಷ ನಮ್ಮ ಕಚೇರಿಯವರೆಲ್ಲ ಒಂದು ದಿನದ ಮಟ್ಟಿಗೆ ಹೋಗಿದ್ದೆವು. ಮ್ಯಾನೇಜರರ ದೊಡ್ಡ ಜೀಪು ಮರಳಿನಲ್ಲಿ ಹೂತುಹೋಯಿತು. ನಾವು ನಾಲ್ಕೈದು ಮಂದಿ ಶೂಸಿನೊಳಗೆ ಮರಳು ತುಂಬಿಸಿಕೊಂಡು ತಳ್ಳಿದ್ದೇ ಬಂತು. ಕೊನೆಗೆ ಇಲ್ಲಿಯವನೇ ಆದ ಒಬ್ಬ ಸಹೋದ್ಯೋಗಿ ಬಂದು, ನಮ್ಮನ್ನೆಲ್ಲ ಬದಿಗೆ ನಿಲ್ಲಿಸಿ, ನಾಲ್ಕೂ ಟಯರಿನ ಗಾಳಿಯನ್ನು ಅರ್ಧಕ್ಕರ್ಧ ಬಿಟ್ಟ. ಟಯರುಗಳು ಚಪ್ಪಟೆಯಾಗಿ ಅಗಲವಾದವು, ಜೀಪು ಮೆಲ್ಲನೆ ಎದ್ದು ಬಂತು. ಮೆತ್ತಗಿನ ನೆಲಕ್ಕೆ ಅಗಲ ಟಯರು, ಕಡಿಮೆ ಗಾಳಿ ಎಂಬುದನ್ನು ಅಂದೇ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. "ಹಿಮ ಅಂದ್ರೆ ಎಂತ ವಿನಯಾ? ತಣ್ಣಗಿನ ಬಿಳಿ ಮರಳು" ಎಂದೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನು ಸುಮತಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.

ಮೂರನೆಯ ಫೋನಿನಲ್ಲಿ ಅವಳು, ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಟಯರ್ ಹಾಕಿಸಲು ಅಂಗಡಿಯವರು ಬರಹೇಳಿದ್ದಾರೆ ಎಂದಳು. ಗಾಳಿ ಎಷ್ಟು ಇಡಬೇಕು ಎಂದು ಕೇಳಿದಳು. "ಅವರು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಇಡು, ಹಿಡಿತ ಜಾಸ್ತಿ ಬರ್ತದೆ" ಎಂದೆ. ಅವಳು ಹ್ಞೂಂ ಎಂದಳು. ಆಮೇಲೆ, "ಮತ್ತೆ ಬಾವ..." ಎಂದು ನಿಲ್ಲಿಸಿದಳು. "ಮತ್ತೆಂತ?" ಎಂದು ಕೇಳಿದೆ. "ಎಂತ ಇಲ್ಲ, ಆಯ್ತು" ಎಂದಳು. ಆಗಲಾದರೂ ನಾನು ಒಂದು ಕ್ಷಣ ಸುಮ್ಮನಿರಬಹುದಿತ್ತು. ಬದಲಾಗಿ ಟಯರ್ ಸೈಜಿನ ಕೊನೆಯಲ್ಲಿ ಬರುವ ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ ಎಂಬ ಹೊಸ ಸಂಗತಿಯನ್ನು ಹತ್ತು ನಿಮಿಷ ಹೇಳಿದೆ.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕಾರಿನ ಒಂದು ಟಯರಿನ ಗಾಳಿ ಇಳಿದಿತ್ತು. ನಮ್ಮ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಖಾನ್ ಸಾಬರ ಟಯರ್ ಅಂಗಡಿ ಇದೆ. ಅವರು ಪಾಕಿಸ್ತಾನದ ಉತ್ತರದ ಬೆಟ್ಟದ ಕಡೆಯವರು, ಬಹ್ರೇನಿಗೆ ಬಂದು ನನಗಿಂತಲೂ ಹೆಚ್ಚು ಕಾಲವಾಗಿದೆ. ನಾವಿಬ್ಬರೂ ಮಾತಾಡುವುದು ಹಿಂದಿಯಲ್ಲಿ. ಅವರದು ಉರ್ದುವಿನ ಕಡೆಗೆ ವಾಲುತ್ತದೆ, ನನ್ನದು ಎತ್ತ ವಾಲುತ್ತದೆಂದು ಇನ್ನೂ ತೀರ್ಮಾನವಾಗಿಲ್ಲ. ಅವರು ಮೊಳೆ ಹುಡುಕುತ್ತಿರುವಾಗ ನಾನು ಸ್ಟೂಲಿನ ಮೇಲೆ ಕೂತು, ಕೆನಡಾದಲ್ಲಿರುವ ನಾದಿನಿಯ ಕಾರಿಗೆ ಇಲ್ಲಿಂದಲೇ ಹಿಮದ ಟಯರ್ ಆರಿಸಿಕೊಟ್ಟ ಕಥೆ ಹೇಳಿದೆ. ಅಗಲದ ವಿಷಯ, ಗಾಳಿಯ ವಿಷಯ, ಬಿಳಿ ಮರಳಿನ ಮಾತು, ಎಲ್ಲವನ್ನೂ ಹೇಳಿದೆ. ಖಾನ್ ಸಾಬರು ಮೊದಲು ನಕ್ಕರು. ಆಮೇಲೆ ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು.

"ನೀವು ಹಿಮ ನೋಡಿದ್ದೀರಾ ಸಾಬ್?" ಎಂದು ಕೇಳಿದರು.

ಫ್ರಿಜ್ಜಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

"ನಮ್ಮ ಹಳ್ಳಿಯಲ್ಲಿ ನಾಲ್ಕು ತಿಂಗಳು ಹಿಮ. ಇಲ್ಲಿಗೆ ಬರುವ ಮೊದಲು ನಾನು ಅಲ್ಲಿ ಜೀಪ್ ಓಡಿಸುತ್ತಿದ್ದೆ. ಮರಳಿನಲ್ಲಿ ಗಾಡಿ ಮೇಲೆ ತೇಲಬೇಕು. ರಸ್ತೆಯ ಹಿಮದಲ್ಲಿ ತೇಲಿದರೆ ಮುಗಿಯಿತು. ಅಲ್ಲಿ ಟಯರು ಹಿಮವನ್ನು ಕತ್ತರಿಸಿಕೊಂಡು ಕೆಳಗೆ ಹೋಗಿ ರಸ್ತೆಯನ್ನು ಹಿಡಿಯಬೇಕು. ಅದಕ್ಕೆ ಕಿರಿದಾದ ಟಯರು ಬೇಕು, ಬದಿ ಎತ್ತರ ಇರಬೇಕು. ಇನ್ನು ಗಾಳಿ, ಚಳಿಗೆ ಅದು ತಾನಾಗಿಯೇ ಇಳಿಯುತ್ತದೆ. ನೀವು ಮೇಲಿಂದ ಇನ್ನಷ್ಟು ಬಿಡಲು ಹೇಳಿದ್ದೀರಾ?"

ಅವರು ಫೋಟೋ ಕೇಳಿದರು, ತೋರಿಸಿದೆ. ಇದು ಆ ಕಾರಿನ ಸೈಜ್ ಆಗಿರಲು ಸಾಧ್ಯವೇ ಇಲ್ಲ ಎಂದರು. ಕಾರಿನ ಸೈಜ್ ತಿಳಿಯಬೇಕಾದರೆ ಟಯರ್ ಓದಬಾರದು, ಯಾರು ಬೇಕಾದರೂ ಯಾವುದನ್ನು ಬೇಕಾದರೂ ಹಾಕಿಸಿರುತ್ತಾರೆ ಎಂದು ಹೇಳುತ್ತ, ನನ್ನ ಕಾರಿನ ಡ್ರೈವರ್ ಬದಿಯ ಬಾಗಿಲನ್ನು ತೆರೆದರು. ಬಾಗಿಲು ಮುಚ್ಚುವ ಕಂಬದ ಮೇಲೆ ಒಂದು ಚೀಟಿ ಅಂಟಿಸಿತ್ತು. ಸೈಜ್, ಗಾಳಿ ಎಷ್ಟಿರಬೇಕು, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಹನ್ನೊಂದು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಆ ಬಾಗಿಲು ತೆರೆದು ಮುಚ್ಚಿದ್ದೇನೆ. ಊರಿನವರೆಲ್ಲರ ಟಯರ್ ಓದಿದ ನಾನು ಆ ಚೀಟಿಯನ್ನು ಒಮ್ಮೆಯೂ ಓದಿರಲಿಲ್ಲ. ಈಗ ಓದಿದೆ. ನನ್ನ ಕಾರಿನಲ್ಲಿದ್ದ ಟಯರುಗಳೂ ಅದರಲ್ಲಿ ಬರೆದದ್ದಕ್ಕಿಂತ ಅಗಲವಾಗಿದ್ದವು. "ಇವನ್ನು ಹಾಕುವಾಗಲೇ ನಾನು ಬೇಡ ಎಂದಿದ್ದೆ, ನೀವೇ ಹಠ ಮಾಡಿದಿರಿ" ಎಂದರು ಖಾನ್ ಸಾಬರು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಚಕ್ರದ ಹತ್ತಿರ ಚರ್ ಎಂದು ಉಜ್ಜುವ ಸದ್ದು ಬರುತ್ತಿತ್ತು. ಅದು ಸೆಗಯಾದ ರಸ್ತೆಯ ದೋಷವೆಂದು ಸುಮತಿಗೆ ಎಷ್ಟೋ ಸಲ ವಿವರಿಸಿದ್ದೆ.

"ಹುಡುಗಿ ಒಬ್ಬಳೇ ಓಡಿಸುವುದಾ?" ಎಂದು ಖಾನ್ ಸಾಬರು ಕೇಳಿದರು. ಹೌದೆಂದೆ. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಪಂಚರ್ ಹಾಕಲು ಕೂತರು. ಅವರು ಬೈದಿದ್ದರೂ ಅಡ್ಡಿಯಿರಲಿಲ್ಲ, ಆ ಪ್ರಶ್ನೆ ನನ್ನನ್ನು ಹೆದರಿಸಿತು.

ನಮಗೆ ಮೂರೂಕಾಲು ಎಂದರೆ ಆಗ ಅವಳಿಗೆ ಬೆಳಗಿನ ಎಂಟೂಕಾಲು. ಹತ್ತಕ್ಕೆ ಅವಳು ಅಂಗಡಿಯಲ್ಲಿರಬೇಕು. ಅಲ್ಲೇ ನಿಂತು ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಕಾರನ್ನು ಅಲ್ಲೇ ಬಿಟ್ಟು ಮನೆಗೆ ನಡೆಯುತ್ತ ಮಾಡಿದೆ, ಲಿಫ್ಟಿಗೆ ಕಾಯುತ್ತ ಮಾಡಿದೆ. ಒಟ್ಟು ಏಳು ಸಲ. ಸುಮತಿ ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದೆ. ಅವಳು ಬೈಯಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ತೆಗೆದು, ಮಂಚದ ತುದಿಯಲ್ಲಿ ಕೂತು, "ಅವಳು ಡ್ಯೂಟಿಗೆ ಹೊರಡುದು ಬೆಳಗ್ಗೆ ಆರು ಗಂಟೆಗೆ. ಅಲ್ಲಿ ಆಗ ಇನ್ನೂ ಕತ್ತಲೆ ಇರ್ತದೆ ಇವರೇ" ಎಂದಳು. ನನಗೆ ನಿಜವಾಗಿ ಭಯವಾಯಿತು. ಕಾಗದ ತಪ್ಪು ಫೈಲಿಗೆ ಹೋದರೆ ಹುಡುಕಿ ತೆಗೆಯಬಹುದು. ಇದು ಹಾಗಲ್ಲ. ನನ್ನ ಮಾತು ಕೇಳಿ ಒಬ್ಬಳು ಹುಡುಗಿ ಜಾರುವ ರಸ್ತೆಯಲ್ಲಿ ತಪ್ಪು ಟಯರ್ ಹಾಕಿಕೊಂಡು ಹೋಗುತ್ತಾಳೆ. ಇಬ್ಬರೂ ಫೋನನ್ನು ನೋಡುತ್ತ ಕೂತೆವು.

ಇಪ್ಪತ್ತು ನಿಮಿಷದ ಮೇಲೆ ಅವಳೇ ಫೋನ್ ಮಾಡಿದಳು. ಸ್ನಾನಕ್ಕೆ ಹೋಗಿದ್ದಳಂತೆ. "ಎಂತ ಆಯ್ತು ಬಾವ, ಏಳು ಮಿಸ್ ಕಾಲ್ ಉಂಟು, ಅಕ್ಕ ಹುಷಾರಿದ್ದಾಳಲ್ಲ?" ಎಂದು ಗಾಬರಿಯಲ್ಲಿ ಕೇಳಿದಳು. ಸುಮತಿ ಸ್ಪೀಕರ್ ಹಾಕಿದಳು. ನಾನು, "ವಿನಯಾ, ಟಯರ್ ವಿಷಯ ನಾನು ಹೇಳಿದ್ದೆಲ್ಲ ತಪ್ಪು. ಸೈಜ್ ತಪ್ಪು, ಅಗಲ ತಪ್ಪು, ಗಾಳಿಯೂ ತಪ್ಪು. ನನಗೆ ಹಿಮದ ವಿಷಯ ಏನೂ ಗೊತ್ತಿಲ್ಲ" ಎಂದೆ. ಹತ್ತೊಂಬತ್ತು ವರ್ಷಗಳಲ್ಲಿ ಇಂಥ ವಾಕ್ಯ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಾಗಿಲ ಕಂಬದ ಚೀಟಿ ನೋಡು ಎಂದೂ ಹೇಳಿದೆ.

ಆ ಕಡೆಯಿಂದ ಅವಳು ಮೆಲ್ಲನೆ, "ಗೊತ್ತುಂಟು ಬಾವ" ಎಂದಳು. ಅಂಗಡಿಯಲ್ಲಿ ಮೊದಲ ದಿನವೇ ಆ ಚೀಟಿ ನೋಡಿಯೇ ಆರ್ಡರ್ ಕೊಟ್ಟಿದ್ದಳಂತೆ. ನೂರೆಂಬತ್ತೈದು, ಅರವತ್ತೈದು, ಹದಿನೈದು. ಆ ಶೋಕಿಯ ಚಕ್ರಗಳನ್ನು ತೆಗೆದು, ಕಪ್ಪು ಕಬ್ಬಿಣದ ಸಣ್ಣ ಚಕ್ರಗಳ ಸಮೇತ ಹಾಕಿಕೊಡುತ್ತಾರಂತೆ. ಬೆಟ್ಟ ಮತ್ತು ಹಿಮದ ಹೂವಿನ ಗುರುತೂ ಇದೆಯಂತೆ. ನನಗೆ ಮೊದಲು ಆದದ್ದು ಸಮಾಧಾನ. ಅದು ಪೂರ್ತಿ ಆಗುವ ಮೊದಲೇ ಸಿಟ್ಟು ಬಂತು.

"ಗೊತ್ತಿದ್ರೆ ಮತ್ತೆ ಯಾಕೆ ಮೂರು ಮೂರು ಸಲ ಫೋನ್ ಮಾಡಿ ನನ್ನ ಹತ್ರ ಕೇಳಿದ್ದು?"

"ಟಯರಿಗಲ್ಲ ಬಾವ. ನಂಗೆ ಬಿಡ್ಲಿಕ್ಕೆ ಹೆದರಿಕೆ. ಹೋದ ವರ್ಷ ನಮ್ಮ ವಾರ್ಡಿನವಳ ಕಾರು ಜಾರಿ ಚರಂಡಿಗೆ ಇಳಿದಿತ್ತು. ಅದನ್ನು ಕೇಳಿದ ಮೇಲೆ ಹಿಮ ಬೀಳ್ತದೆ ಅಂದ್ರೆ ನಿದ್ದೆ ಬರುದಿಲ್ಲ. ಹೆದರಿಕೆ ಆಗ್ತದೆ ಅಂತ ಹೇಳಿದ್ರೆ ಅಕ್ಕ ಅಳ್ತಾಳೆ. ಟಯರ್ ಅಂತ ಹೇಳಿದ್ರೆ ನೀವು ಮಾತಾಡ್ತೀರಿ. ಯಾರಾದ್ರೂ ಮಾತಾಡ್ತಾ ಇದ್ರೆ ಸ್ವಲ್ಪ ಒಳ್ಳೆದಾಗ್ತದೆ ಅಂತ ಮಾಡಿದೆ. ಆದ್ರೆ ನೀವು ಮಾತಾಡಿದ್ದು ಬರೀ ಟಯರನ್ನೇ."

ಸುಮತಿ ಅಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ. ನನಗೆ ಬಹಳ ನಾಚಿಕೆಯಾಯಿತು. ಮೂರು ಸಲ ಸೇರಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಆ ಹುಡುಗಿಯ ಹತ್ತಿರ ಮಾತಾಡಿದ್ದೆ, ಅಷ್ಟರಲ್ಲಿ ಒಮ್ಮೆಯೂ ನೀನು ಹೇಗಿದ್ದೀ ಎಂದು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಈಗ ಕೇಳಿದೆ. ಅವಳು ಅಲ್ಲಿಯ ಚಳಿಯ ಬಗ್ಗೆ, ಒಬ್ಬಳೇ ಊಟ ಮಾಡುವುದರ ಬಗ್ಗೆ, ಕಾರು ಸ್ಟಾರ್ಟ್ ಮಾಡಿ ಹೊರಡಲಾಗದೆ ಮತ್ತೆ ಆಫ್ ಮಾಡುವುದರ ಬಗ್ಗೆ ಹೇಳಿದಳು. ಅಕ್ಕ ನಡುನಡುವೆ ಸಮಾಧಾನ ಹೇಳಿದಳು. ನಾನು ಸುಮ್ಮನೆ ಹ್ಞೂಂಗುಟ್ಟಿದೆ. ಕೊನೆಗೆ ವಿನಯಾ ಒಂದು ಸಹಾಯ ಕೇಳಿದಳು. ಮೊದಲ ಹಿಮ ಬಿದ್ದ ಮೇಲೆ ಬರುವ ಶನಿವಾರ ಬೆಳಗ್ಗೆ ಆಸ್ಪತ್ರೆಯ ಹಿಂದಿನ ಪಾರ್ಕಿಂಗ್ ಖಾಲಿ ಇರುತ್ತದೆ, ಅಲ್ಲಿ ಕಾರು ಬಿಟ್ಟು ಅಭ್ಯಾಸ ಮಾಡುತ್ತಾಳೆ. ಫೋನ್ ಸ್ಪೀಕರಿಗೆ ಹಾಕಿ ಬದಿಯ ಸೀಟಿನಲ್ಲಿ ಇಡುತ್ತಾಳೆ. "ನೀವು ಲೈನಿನಲ್ಲಿ ಇದ್ರೆ ಸಾಕು ಬಾವ, ಎಂತ ಹೇಳುದು ಬೇಡ" ಎಂದಳು. ಖಂಡಿತ ಎಂದು ಮಾತು ಕೊಟ್ಟೆ.

ನವೆಂಬರಿನ ಕೊನೆಗೆ ಅಲ್ಲಿ ಹಿಮ ಬಿತ್ತು. ಶನಿವಾರ ಸಂಜೆ ಐದಕ್ಕೆ ನಾನು ಅಡುಗೆಮನೆಯ ಮೇಜಿನ ಎದುರು ಕೂತೆ. ಫೋನ್ ಬಂತು. ಸುಮತಿ, "ಕೊಡಿ, ನಾನು ಸರಿ ಇಡ್ತೇನೆ" ಎಂದು ನನ್ನ ಕೈಯಿಂದ ತೆಗೆದುಕೊಂಡು, ಏನೋ ಒತ್ತಿ, ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಳು. ಆಮೇಲೆ ಎದುರು ಕೂತು ಕೊತ್ತಂಬರಿ ಸೊಪ್ಪು ಬಿಡಿಸತೊಡಗಿದಳು. ಆ ಕಡೆಯಿಂದ ಕಾರಿನ ಬಾಗಿಲು ಹಾಕಿದ ಸದ್ದು, ಬೆಲ್ಟ್ ಹಾಕುವಂತೆ ಎಚ್ಚರಿಸುವ ಸದ್ದು, ಎಂಜಿನ್ನಿನ ಸದ್ದು ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಟಯರಿನ ಅಡಿಯಲ್ಲಿ ಹಿಮ ಕರಕರ ಎನ್ನುವುದೂ ಕೇಳಿತು. ಅಷ್ಟು ಕೇಳಿದ ಮೇಲೆ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಮೆಲ್ಲ, ಮೆಲ್ಲ. ಬ್ರೇಕ್ ಒಮ್ಮೆಲೇ ಒತ್ಬೇಡ" ಎಂದೆ. ಅವಳು ಉತ್ತರ ಕೊಡಲಿಲ್ಲ. ಗಮನವಿಟ್ಟು ಕೇಳುತ್ತಿದ್ದಾಳೆ ಎಂದುಕೊಂಡು ಮುಂದುವರಿಸಿದೆ. ತಿರುವಿನಲ್ಲಿ ವೇಗ ಹೇಗೆ ಇಳಿಸಬೇಕು, ಖಾನ್ ಸಾಬರ ಊರಿನಲ್ಲಿ ಹೇಗೆ ಇಳಿಸುತ್ತಾರೆ, ಸ್ಟೇರಿಂಗ್ ಹೇಗೆ ಹಿಡಿಯಬೇಕು, ಎಲ್ಲ ಹೇಳಿದೆ. ಒಮ್ಮೆ ಸರ್ ಎಂದು ಏನೋ ಜಾರಿದ ಸದ್ದಾಯಿತು, ಅವಳು ಅಯ್ಯೋ ಎಂದಳು. ನಾನು ಎದ್ದು ನಿಂತು ಒಂದೇ ಉಸಿರಿಗೆ ಐದಾರು ಸೂಚನೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಮೊದಲಿನಂತಾಯಿತು, ಅವಳು ಒಬ್ಬಳೇ ನಕ್ಕದ್ದು ಕೇಳಿಸಿತು. ನನ್ನ ಸೂಚನೆಗಳು ಫಲ ಕೊಟ್ಟವು ಎಂದು ಕೂತೆ. ಇಪ್ಪತ್ತೈದು ನಿಮಿಷ ಹೀಗೆ ಸಾಗಿತು, ನನ್ನ ಗಂಟಲು ಒಣಗಿತು.

ಕೊನೆಗೆ ಎಂಜಿನ್ ನಿಂತಿತು. "ಬಾವ, ಲೈನಿನಲ್ಲಿ ಇದ್ದೀರಲ್ಲ?" ಎಂದಳು ವಿನಯಾ. ಅವಳ ಧ್ವನಿ ಬೇರೆಯೇ ಆಗಿತ್ತು. "ಹತ್ತು ಸುತ್ತು ಹಾಕಿದೆ. ಒಮ್ಮೆ ಜಾರಿತು, ನಾನೇ ಸರಿ ಮಾಡಿಕೊಂಡೆ. ಸೋಮವಾರ ಕಾರಿನಲ್ಲೇ ಡ್ಯೂಟಿಗೆ ಹೋಗ್ತೇನೆ, ಇನ್ನು ಹೆದರಿಕೆ ಇಲ್ಲ. ಇಷ್ಟು ಹೊತ್ತು ನೀವು ಒಂದು ಮಾತೂ ಆಡದೆ ನನ್ನೊಟ್ಟಿಗೆ ಕೂತಿದ್ರಲ್ಲ, ಅದ್ರಿಂದಲೇ ಧೈರ್ಯ ಬಂದದ್ದು ಬಾವ. ನಿಮ್ಮಿಂದ ಅದು ಆಗ್ತದೆ ಅಂತ ನಾನು ಎಣಿಸಿಯೇ ಇರ್ಲಿಲ್ಲ."

ನಾನು ಬಗ್ಗಿ ಫೋನಿನ ಪರದೆ ನೋಡಿದೆ. ಅದರಲ್ಲಿದ್ದ ಮೈಕಿನ ಚಿತ್ರದ ಮೇಲೆ ಅಡ್ಡಗೆರೆ ಬಿದ್ದಿತ್ತು. ಸುಮತಿಯನ್ನು ನೋಡಿದೆ. ಅವಳು ತಲೆ ಎತ್ತದೆ ಕೊತ್ತಂಬರಿಯ ದಂಟುಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಹಾಕುತ್ತಿದ್ದಳು. ನಾನು ಆ ಗೆರೆಯನ್ನು ಒತ್ತಿ ತೆಗೆದೆ. ಒಂದು ಲೋಟ ನೀರು ಕುಡಿದೆ.

"ಕಲಿಯುವವರ ಪಕ್ಕ ಕೂತವರು ಮಾತಾಡಬಾರದು ವಿನಯಾ," ಎಂದೆ. "ನಾನು ಮೊದಲಿಂದಲೂ ಎಲ್ಲರಿಗೂ ಹೇಳುದು ಅದನ್ನೇ."